ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ: ಸೋರಿಯಾಸಿಸ್ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕು?

ಇಬ್ಬನಿ:
ಎಲ್ಲರಿಗೂ ನಮಸ್ಕಾರ. ಮೊಣಕೈ, ಮೊಣಕಾಲು ಮತ್ತು ತಲೆಯ ಹಿಂಭಾಗದಲ್ಲಿ ನನಗೆ ಕೆಲವು ವರ್ಷಗಳಿಂದ ಸೋರಿಯಾಸಿಸ್ ಇದೆ. ವೈದ್ಯರು ಬರೆದುಕೊಟ್ಟ ಮುಲಾಮನ್ನು ಹಚ್ಚುತ್ತಾ ಬಂದರೆ ಬೆಳ್ಳಗಿನ ಹೊಟ್ಟು ಉದುರಿ, ದಪ್ಪಗಟ್ಟಿದ್ದ ಚರ್ಮ ಮೆತ್ತಗಾಗಿ, ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಕಾಣುತ್ತದೆ. ಹಚ್ಚುವುದನ್ನು ಬಿಟ್ಟರೆ ಹೆಚ್ಚು ದಿನ ಕಾಯಬೇಕಿಲ್ಲ, ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಇದೇ ಕಾರಣಕ್ಕೆ ವೈದ್ಯರನ್ನು ಬದಲಿಸಿದ್ದೇನೆ, ಚಿಕಿತ್ಸಾ ಪದ್ಧತಿಯನ್ನೂ ಬದಲಿಸಿದ್ದೇನೆ. ಹೋದಲ್ಲೆಲ್ಲ ಹಿಂದಿನವರ ಚಿಕಿತ್ಸೆ ಸರಿಯಿರಲಿಲ್ಲ ಎಂಬ ಮಾತನ್ನೇ ಕೇಳಿದ್ದೇನೆ. ಮರಳಿ ಬರುತ್ತಿದೆಯೆಂದರೆ ಔಷಧ ಸೋತಿದೆ ಎಂದು ತಿಳಿಯಬೇಕೇ, ಅಥವಾ ಈ ಕಾಯಿಲೆಯ ಸ್ವಭಾವವೇ ಅದೇ? ಎರಡನೆಯದು ನಿಜವಾದರೆ ವೈದ್ಯರ ಬಳಿ ನಾನು ಕೇಳಬೇಕಾದುದಾದರೂ ಏನು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಚುಕ್ಕಿ:
ನನ್ನದೂ ಇದೇ ಕಥೆ. ಉತ್ತರಗಳಿಗಾಗಿ ಕಾಯುತ್ತಿದ್ದೇನೆ.

ಕಡಲಹಕ್ಕಿ:
ಇಬ್ಬನಿ ಅವರೇ, ಮುಲಾಮು ಎಂದರೆ ಮೇಲಿಂದ ಮುಚ್ಚುವ ಕೆಲಸ. ರಕ್ತ ಶುದ್ಧಿಯಾಗದೆ ಇದು ಹೋಗುವುದಿಲ್ಲ. ನನ್ನ ಪರಿಚಿತರೊಬ್ಬರು ಒಂದು ಪುಡಿಯನ್ನು ತೆಗೆದುಕೊಂಡು ಬೇರು ಸಮೇತ ಗುಣಪಡಿಸಿಕೊಂಡಿದ್ದಾರೆ. ಬೇಕಿದ್ದರೆ ವಿವರ ಕಳುಹಿಸುತ್ತೇನೆ.

ಚರ್ಮವೈದ್ಯೆ:
ಮೊದಲು ಮೂಲ ಪ್ರಶ್ನೆಗೆ ಉತ್ತರಿಸುತ್ತೇನೆ, ಪುಡಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಸೋರಿಯಾಸಿಸ್ ರಕ್ತದ ಕೊಳೆಯಿಂದ ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪು ಸಂಕೇತಗಳನ್ನು ಕಳುಹಿಸಿ ಚರ್ಮದಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಆರೋಗ್ಯವಂತ ಚರ್ಮದಲ್ಲಿ ತಳದ ಕೋಶವೊಂದು ಮೇಲ್ಪದರಕ್ಕೆ ಬಂದು ಕಳಚಿ ಬೀಳಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದು ಕೆಲವೇ ದಿನಗಳಲ್ಲಿ ನಡೆದುಹೋಗುವುದರಿಂದ, ಬಲಿಯದ ಕೋಶಗಳು ಒಂದರ ಮೇಲೊಂದು ಕೂಡಿಕೊಂಡು ನಿಮಗೆ ಕಾಣುವ ಆ ಬೆಳ್ಳಿಬಣ್ಣದ ಪೊರೆಯಾಗುತ್ತವೆ. ಟಿಎನ್ಎಫ್, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಎಂಬ ಸಂಕೇತ ಪ್ರೋಟೀನುಗಳು ಈ ಸರಪಳಿಯಲ್ಲಿ ಮುಖ್ಯವಾದವು.

ಅದೇ ಜಾಗದಲ್ಲಿ ಮರಳುವುದಕ್ಕೂ ಕಾರಣವಿದೆ. ಚರ್ಮ ನುಣುಪಾದ ಮೇಲೂ ಉರಿಯೂತವನ್ನು ನೆನಪಿಟ್ಟುಕೊಳ್ಳುವ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ಅಲ್ಲಿಯೇ ಉಳಿದಿರುತ್ತವೆ. ಚಿಕಿತ್ಸೆ ಅವನ್ನು ಸುಮ್ಮನಿರಿಸುತ್ತದೆ, ಪೂರ್ತಿಯಾಗಿ ಹೊರದೂಡುವುದಿಲ್ಲ. ಹಾಗಾಗಿ ಮರಳಿ ಬಂದದ್ದರಿಂದ ಮಾತ್ರ ಔಷಧ ಸೋತಿತೆಂದು ಹೇಳಲಾಗದು. ಔಷಧವನ್ನು ಹಚ್ಚುತ್ತಿರುವಾಗಲೇ ಕಾಯಿಲೆ ಕಡಿಮೆಯಾಗದಿದ್ದರೆ ಅಥವಾ ಹೊಸ ಜಾಗಗಳಿಗೆ ಹರಡುತ್ತಿದ್ದರೆ, ಆಗ ಸೋತಿತೆನ್ನಬಹುದು. ಇವೆರಡನ್ನೂ ಒಂದೇ ಎಂದು ತಿಳಿದವರು ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾರೆ, ಯಾವ ಚಿಕಿತ್ಸೆಗೂ ಬೇಕಾದಷ್ಟು ಸಮಯ ಕೊಡುವುದಿಲ್ಲ.

ಅಲೆಮಾರಿ:
ಡಾಕ್ಟರೇ, ಹಾಗಾದರೆ ಜೀವನಪೂರ್ತಿ ಔಷಧ ಎಂದಾಯಿತು. ಅದನ್ನು ಮೊದಲ ದಿನವೇ ರೋಗಿಗೆ ಏಕೆ ಹೇಳುವುದಿಲ್ಲ? ನನಗೆ ಯಾರೂ ಹೇಳಲಿಲ್ಲ. ಚೀಟಿ ಬರೆದು ಮುಂದಿನವರನ್ನು ಕರೆದರು, ಅಷ್ಟೇ.

ಚರ್ಮವೈದ್ಯೆ:
ಅಲೆಮಾರಿ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲ ಭೇಟಿಯಲ್ಲಿಯೇ ಇದು ದೀರ್ಘಕಾಲದ ಕಾಯಿಲೆ ಎಂದು ಕೂರಿಸಿಕೊಂಡು ಹೇಳುವುದು ಚಿಕಿತ್ಸೆಯ ಭಾಗವೇ ಹೌದು. ಆದರೆ ಜೀವನಪೂರ್ತಿ ಒಂದೇ ಪ್ರಮಾಣದ ಔಷಧ ಬೇಕೆಂದೇನೂ ಇಲ್ಲ. ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ತೇವಾಂಶ ಕಾಯುವ ಕ್ರೀಮು ಬಿಟ್ಟು ಬೇರೇನೂ ಬೇಕಾಗುವುದಿಲ್ಲ. ಉಲ್ಬಣಿಸಿದಾಗ ಜೋರಾದ ಚಿಕಿತ್ಸೆ, ಹತೋಟಿಗೆ ಬಂದ ಮೇಲೆ ಹಗುರವಾದ ಚಿಕಿತ್ಸೆ ಎಂಬುದು ಸಾಮಾನ್ಯ ಕ್ರಮ.

ಔಷಧಾಲಯದಿಂದ:
ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವನಾಗಿ ಒಂದು ಮಾತನ್ನು ಬಲವಾಗಿ ಹೇಳಬೇಕಾಗಿದೆ. ಹಳೆಯ ಚೀಟಿಯನ್ನು ತೋರಿಸಿ, ಅಥವಾ ಚೀಟಿಯೇ ಇಲ್ಲದೆ, ತೀವ್ರ ಶಕ್ತಿಯ ಸ್ಟೀರಾಯ್ಡ್ ಮುಲಾಮನ್ನು ಮತ್ತೆ ಮತ್ತೆ ಕೇಳುವವರು ಬಹಳ. ಕ್ಲೋಬೆಟಾಸಾಲ್‌ನಂಥ ಮುಲಾಮು ದಪ್ಪ ಚರ್ಮದ ಮೇಲೆ ಕೆಲವು ವಾರಗಳ ಮಟ್ಟಿಗೆ ತುಂಬ ಒಳ್ಳೆಯ ಔಷಧ. ಅದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಗೆರೆಗಳು ಬೀಳುತ್ತವೆ, ಸಣ್ಣ ರಕ್ತನಾಳಗಳು ಕಾಣತೊಡಗುತ್ತವೆ, ಹಠಾತ್ತಾಗಿ ಬಿಟ್ಟಾಗ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಮುಖ, ಕಂಕುಳು, ತೊಡೆಸಂದು ಇಂಥ ತೆಳುಚರ್ಮದ ಜಾಗಗಳಲ್ಲಂತೂ ಅದನ್ನು ವೈದ್ಯರು ಹೇಳದೆ ಮುಟ್ಟಿಸಬಾರದು.

ಹುಳುಕಡ್ಡಿಗೆಂದು ಸಿಗುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಸೋರಿಯಾಸಿಸ್‌ಗೆ ಹಚ್ಚಿಕೊಳ್ಳುವವರೂ ಇದ್ದಾರೆ. ಹುಳುಕಡ್ಡಿಯನ್ನು ಸೋರಿಯಾಸಿಸ್ ಎಂದುಕೊಂಡು ಬರೀ ಸ್ಟೀರಾಯ್ಡ್ ಹಚ್ಚುವವರೂ ಇದ್ದಾರೆ. ಎರಡರಲ್ಲೂ ಮೊದಲು ಕಡಿಮೆಯಾದಂತೆ ಕಂಡು ಆಮೇಲೆ ಕೆಡುತ್ತದೆ.

ಚುಕ್ಕಿ:
ಸರ್, ಎಷ್ಟು ಹಚ್ಚಬೇಕು ಎಂಬುದೇ ನನಗೆ ಗೊತ್ತಾಗುವುದಿಲ್ಲ. "ತೆಳುವಾಗಿ" ಎಂದು ಚೀಟಿಯಲ್ಲಿ ಬರೆದಿರುತ್ತಾರೆ.

ಔಷಧಾಲಯದಿಂದ:
ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಸಾಲು ಮುಲಾಮನ್ನು ಹಿಂಡಿಕೊಳ್ಳಿ. ಅದು ಹೆಚ್ಚುಕಡಿಮೆ ಅರ್ಧ ಗ್ರಾಂ ಆಗುತ್ತದೆ. ಬೆರಳುಗಳೂ ಸೇರಿದಂತೆ ವಯಸ್ಕರ ಎರಡು ಅಂಗೈಗಳಷ್ಟು ಅಗಲದ ಚರ್ಮಕ್ಕೆ ಅಷ್ಟು ಸಾಕು. ಕಲೆ ಎಷ್ಟು ಅಂಗೈ ಅಗಲವಿದೆ ಎಂದು ನೋಡಿ ಲೆಕ್ಕ ಹಾಕಿಕೊಳ್ಳಿ. ಅಂಚಿನಾಚೆಯ ಒಳ್ಳೆಯ ಚರ್ಮಕ್ಕೆ ಬಳಿಯುವುದು ಬೇಡ.

ಚರ್ಮವೈದ್ಯೆ:
ಅದೇ ಅಂಗೈ ಲೆಕ್ಕವನ್ನು ನಾವೂ ಬಳಸುತ್ತೇವೆ. ರೋಗಿಯ ಒಂದು ಅಂಗೈ, ಬೆರಳುಗಳನ್ನು ಸೇರಿಸಿ, ಅವರ ಒಟ್ಟು ಚರ್ಮದ ಶೇಕಡಾ 1ರಷ್ಟು ಎಂದು ಇಟ್ಟುಕೊಳ್ಳುತ್ತೇವೆ. ಶೇಕಡಾ 10ಕ್ಕಿಂತ ಹೆಚ್ಚು ಭಾಗ ಆವರಿಸಿದ್ದರೆ ಸಾಮಾನ್ಯವಾಗಿ ತೀವ್ರವೆಂದು ಪರಿಗಣಿಸುತ್ತೇವೆ. ಆದರೆ ಅಂಗಾಲು, ಅಂಗೈ, ಮುಖ, ಜನನಾಂಗ, ನೆತ್ತಿ ಇಲ್ಲೆಲ್ಲ ಸ್ವಲ್ಪವೇ ಇದ್ದರೂ ಬದುಕಿಗೆ ದೊಡ್ಡ ತೊಂದರೆ ಕೊಡುತ್ತದೆ. ನಡೆಯಲಾಗದಂತೆ ಅಂಗಾಲು ಬಿರಿದವರಿಗೆ ನಿಮ್ಮದು ಶೇಕಡಾ ಎರಡೇ ಎಂದು ಹೇಳಿ ಬರೀ ಮುಲಾಮು ಕೊಟ್ಟು ಕಳುಹಿಸುವುದು ಸರಿಯಲ್ಲ.

ಮುಲಾಮಿನ ಬಗ್ಗೆ ಒಂದು ಸೇರ್ಪಡೆ. ಹತೋಟಿಗೆ ಬಂದೊಡನೆ ಸ್ಟೀರಾಯ್ಡನ್ನು ಒಮ್ಮೆಲೇ ಬಿಡುವ ಬದಲು ವಾರಕ್ಕೆ ಎರಡು ದಿನಕ್ಕೆ ಇಳಿಸುವುದು, ಇಲ್ಲವೇ ಚರ್ಮವನ್ನು ತೆಳುಮಾಡದ ಕ್ಯಾಲ್ಸಿಪೊಟ್ರಿಯಾಲ್ ಎಂಬ ವಿಟಮಿನ್ ಡಿ ಮಾದರಿಯ ಮುಲಾಮಿಗೆ ದಾಟಿಸುವುದು ರೂಢಿಯಲ್ಲಿದೆ. ಇಬ್ಬನಿ ಅವರೇ, "ಕಡಿಮೆಯಾದ ಮೇಲೆ ಏನು ಹಚ್ಚಬೇಕು?" ಎಂಬ ಪ್ರಶ್ನೆಯನ್ನು ನಿಮ್ಮ ವೈದ್ಯರ ಮುಂದಿಡಿ.

ಇಬ್ಬನಿ:
ಇದನ್ನು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ ಮೇಡಂ. ಕಡಿಮೆಯಾದರೆ ನಿಲ್ಲಿಸಿ ಎಂದಷ್ಟೇ ಹೇಳಿದ್ದರು.

ಕಡಲಹಕ್ಕಿ:
ಪುಡಿಯ ವಿಷಯಕ್ಕೆ ಬರುತ್ತೇನೆ ಎಂದಿರಿ, ಬರಲಿಲ್ಲ. ನನ್ನ ಪರಿಚಿತರ ಮೈಮೇಲೆ ಈಗ ಒಂದೂ ಕಲೆಯಿಲ್ಲ. ಕಣ್ಣಾರೆ ಕಂಡದ್ದನ್ನು ಸುಳ್ಳು ಎನ್ನಲು ಸಾಧ್ಯವೇ?

ಚರ್ಮವೈದ್ಯೆ:
ಅವರು ಗುಣಮುಖರಾಗಿದ್ದಾರೆ ಎಂಬುದನ್ನು ನಾನು ಅನುಮಾನಿಸುವುದಿಲ್ಲ. ಅದಕ್ಕೆ ಕಾರಣ ಪುಡಿಯೇ ಎಂಬುದು ಮಾತ್ರ ಅಷ್ಟು ಸುಲಭವಾಗಿ ಸಾಬೀತಾಗುವುದಿಲ್ಲ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಮೈತುಂಬ ಸಣ್ಣ ಹನಿಗಳಂತೆ ಏಳುವ ಗಟೇಟ್ ಸೋರಿಯಾಸಿಸ್ ಎಂಬ ಬಗೆ ಅನೇಕರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿಯೇ ಹೋಗುತ್ತದೆ. ಆ ಹೊತ್ತಿನಲ್ಲಿ ಏನನ್ನು ಸೇವಿಸುತ್ತಿದ್ದರೋ ಕೀರ್ತಿ ಅದಕ್ಕೆ ಸಲ್ಲುತ್ತದೆ. ಎರಡನೆಯ ಸಾಧ್ಯತೆ ಅಪಾಯಕಾರಿಯಾದದ್ದು. ಘಟಕಗಳ ಹೆಸರಿಲ್ಲದ ಪುಡಿ ಮತ್ತು ಮುಲಾಮುಗಳಲ್ಲಿ ಸ್ಟೀರಾಯ್ಡ್ ಅಥವಾ ಸೀಸ, ಪಾದರಸದಂಥ ಲೋಹಗಳು ಪತ್ತೆಯಾದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಹೊಟ್ಟೆಗೆ ಹೋಗುವ ಸ್ಟೀರಾಯ್ಡನ್ನು ಸೋರಿಯಾಸಿಸ್ ಇರುವವರು ಒಮ್ಮೆಲೇ ನಿಲ್ಲಿಸಿದರೆ ಮೈಯೆಲ್ಲ ಕೀವುಗುಳ್ಳೆಗಳು ಏಳಬಹುದು, ಅಥವಾ ಇಡೀ ಚರ್ಮ ಕೆಂಪಾಗಿ ಸುಲಿಯಬಹುದು. ಚಳಿಜ್ವರದೊಂದಿಗೆ ಹಾಗಾದರೆ ಅದು ತುರ್ತುಸ್ಥಿತಿ. ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಯಾವ ಪದ್ಧತಿಯ ಔಷಧವೇ ಆಗಲಿ, ಅದರಲ್ಲಿ ಏನಿದೆ ಎಂದು ಬರೆದುಕೊಡಲು ಒಪ್ಪದವರಿಂದ ಏನನ್ನೂ ತೆಗೆದುಕೊಳ್ಳಬೇಡಿ.

ದಾರಿದೀಪ (ನಿರ್ವಾಹಕರು):
ಔಷಧಗಳ ಮಾರಾಟದ ವಿವರಗಳನ್ನು ಇಲ್ಲಿಯಾಗಲಿ ಖಾಸಗಿ ಸಂದೇಶದಲ್ಲಾಗಲಿ ಕಳುಹಿಸಬಾರದೆಂದು ಕೋರುತ್ತೇನೆ. ಚರ್ಚೆ ಮುಂದುವರಿಯಲಿ.

ನೀಲಿಬಾನು:
ಚರ್ಮದ ಮಾತಿನಲ್ಲಿ ಕೀಲುಗಳು ಮರೆತುಹೋಗುತ್ತಿವೆ. ನನಗೆ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಹಿಮ್ಮಡಿಯನ್ನು ನೆಲಕ್ಕೆ ಊರಿದರೆ ಜೀವ ಹೋಗುವಷ್ಟು ನೋವಾಗುತ್ತಿತ್ತು. ಒಂದಷ್ಟು ಹೊತ್ತು ಓಡಾಡಿದ ಮೇಲೆ ಸಡಿಲವಾಗುತ್ತಿತ್ತು. ಚಪ್ಪಲಿ ಬದಲಿಸಿ ಎಂದವರು ಕೆಲವರು, ತೂಕ ಇಳಿಸಿ ಎಂದವರು ಕೆಲವರು. ಉಗುರುಗಳ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿಗಳಿದ್ದವು. ಎರಡು ಉಗುರುಗಳ ತುದಿ ಕೆಳಗಿನ ಚರ್ಮದಿಂದ ಬಿಟ್ಟುಕೊಂಡು ಹಳದಿಗಟ್ಟಿತ್ತು. ಅದನ್ನು ಶಿಲೀಂಧ್ರವೆಂದು ತಿಳಿದು ಬಹುಕಾಲ ಮಾತ್ರೆಯನ್ನೂ ಕೊಟ್ಟರು. ಕೊನೆಗೆ ಕಾಲ್ಬೆರಳೊಂದು ಬುಡದಿಂದ ತುದಿಯವರೆಗೆ ಪೂರ್ತಿ ಊದಿಕೊಂಡಾಗ ಸಂಧಿವಾತ ತಜ್ಞರ ಬಳಿ ಹೋದೆ. ಅವರು ಮೊದಲು ನೋಡಿದ್ದು ನನ್ನ ಉಗುರುಗಳನ್ನು, ಆಮೇಲೆ ಕಿವಿಯ ಹಿಂಭಾಗವನ್ನು. ಸೋರಿಯಾಸಿಸ್ ಸಂಧಿವಾತ ಎಂದು ಅಂದೇ ಹೇಳಿದರು.

ನನಗಿದ್ದ ಚರ್ಮದ ಕಲೆ ಎಷ್ಟು ಕಡಿಮೆಯೆಂದರೆ, ಅದನ್ನು ತಲೆಹೊಟ್ಟು ಎಂದೇ ಎಲ್ಲರೂ ಭಾವಿಸಿದ್ದರು.

ಅಲೆಮಾರಿ:
ನೀಲಿಬಾನು ಅವರೇ, ರಕ್ತಪರೀಕ್ಷೆಯಲ್ಲಿ ಇದು ಮೊದಲೇ ಗೊತ್ತಾಗಲಿಲ್ಲವೇ? ನನಗೂ ಬೆಳಿಗ್ಗೆ ಬೆರಳುಗಳು ಬಿಗಿಯುತ್ತವೆ, ಆದರೆ ವಾತದ ಪರೀಕ್ಷೆ ಸರಿಯಾಗಿದೆ ಎಂದು ವರದಿ ಬಂದಿದೆ.

ನೀಲಿಬಾನು:
ನನ್ನದೂ ಸರಿಯಾಗಿಯೇ ಬಂದಿತ್ತು. ರುಮಟಾಯ್ಡ್ ಅಂಶ ಎಂಬ ಆ ಪರೀಕ್ಷೆ ಬೇರೊಂದು ಬಗೆಯ ಸಂಧಿವಾತಕ್ಕೆ ಸಂಬಂಧಿಸಿದ್ದು, ಸೋರಿಯಾಸಿಸ್ ಸಂಧಿವಾತದಲ್ಲಿ ಅದು ಬಹುಪಾಲು ಜನರಿಗೆ ನೆಗೆಟಿವ್ ಆಗಿಯೇ ಬರುತ್ತದೆ ಎಂದು ತಜ್ಞರು ವಿವರಿಸಿದರು. ಆ ವರದಿಯನ್ನು ನಂಬಿ ಕೂರಬೇಡಿ.

ಚರ್ಮವೈದ್ಯೆ:
ನೀಲಿಬಾನು ಅವರ ಮಾತಿಗೆ ಪೂರ್ಣ ಸಹಮತ. ಚರ್ಮದ ಸೋರಿಯಾಸಿಸ್ ಇರುವವರಲ್ಲಿ ಗರಿಷ್ಠ ಶೇಕಡಾ 30ರವರೆಗೆ ಜನರಿಗೆ ಕೀಲುಗಳ ತೊಂದರೆ ಬರಬಹುದು. ಅದು ಹೆಚ್ಚಾಗಿ ಚರ್ಮದ ಕಾಯಿಲೆ ಶುರುವಾಗಿ ಕೆಲವು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆಗೂ ಹೆಚ್ಚು ಹೊತ್ತು ಇರುವುದು, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಟದಿಂದ ಕಡಿಮೆಯಾಗುವ ಬೆನ್ನುನೋವು, ಹಿಮ್ಮಡಿ ನೋವು, ಇಡೀ ಬೆರಳು ಊದುವುದು, ಇವುಗಳಲ್ಲಿ ಯಾವುದಿದ್ದರೂ ಹೇಳಿ. ಆರು ತಿಂಗಳ ವಿಳಂಬವೂ ಕೀಲಿನ ಶಾಶ್ವತ ಹಾನಿಯನ್ನು ಹೆಚ್ಚಿಸಬಲ್ಲದು ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಚರ್ಮ ಕೆಟ್ಟರೆ ಸರಿಮಾಡಬಹುದು, ಸವೆದ ಕೀಲನ್ನು ಮೊದಲಿನಂತೆ ಮಾಡಲಾಗದು. ಅಲೆಮಾರಿ ಅವರೇ, ನೀವು ಈ ವಾರವೇ ತೋರಿಸಿಕೊಳ್ಳಿ.

ಬಿದಿರಕೊಳಲು:
ನಾನು ಮೆಥೋಟ್ರೆಕ್ಸೇಟ್ ಮಾತ್ರೆಯಲ್ಲಿದ್ದೇನೆ, ಚರ್ಮವೂ ಕೀಲೂ ಬಹಳ ಮಟ್ಟಿಗೆ ಹತೋಟಿಯಲ್ಲಿವೆ. ಹೆದರಿಕೆಯಿಂದ ಅದನ್ನು ಶುರುಮಾಡಲು ತುಂಬ ತಡಮಾಡುವವರು ಇಲ್ಲಿರಬಹುದು ಎಂದು ಹೇಳುತ್ತಿದ್ದೇನೆ.

ಕಡಲಹಕ್ಕಿ:
ಅದು ಕ್ಯಾನ್ಸರ್‌ಗೆ ಕೊಡುವ ಔಷಧವಲ್ಲವೇ? ಚರ್ಮದ ಕಾಯಿಲೆಗೆ ಅಂಥದ್ದನ್ನು ನುಂಗಿ ಯಕೃತ್ತನ್ನು ಹಾಳುಮಾಡಿಕೊಳ್ಳಬೇಕೇ?

ಬಿದಿರಕೊಳಲು:
ಕ್ಯಾನ್ಸರ್‌ಗೂ ಕೊಡುತ್ತಾರೆ, ನಿಜ. ಆದರೆ ಅಲ್ಲಿನ ಪ್ರಮಾಣಕ್ಕೂ ಇಲ್ಲಿನ ಪ್ರಮಾಣಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿ ವಾರಕ್ಕೆ ಒಂದು ದಿನ ಮಾತ್ರ, ಕೆಲವೇ ಮಿಲಿಗ್ರಾಂ. ಶುರುಮಾಡುವ ಮೊದಲು ರಕ್ತಕಣಗಳ ಎಣಿಕೆ, ಯಕೃತ್ತು, ಮೂತ್ರಪಿಂಡ ಎಲ್ಲವನ್ನೂ ಪರೀಕ್ಷಿಸಿದರು, ಈಗಲೂ ನಿಗದಿತ ಅವಧಿಗೆ ಪರೀಕ್ಷಿಸುತ್ತಾರೆ. ಮದ್ಯಪಾನ ಮಾಡಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮಾತ್ರೆ ತೆಗೆದುಕೊಂಡ ದಿನ ಸಂಜೆ ಸ್ವಲ್ಪ ವಾಕರಿಕೆ ಬರುತ್ತಿತ್ತು, ಫೋಲಿಕ್ ಆಮ್ಲದ ಮಾತ್ರೆ ಕೊಟ್ಟ ಮೇಲೆ ಅದೂ ಕಡಿಮೆಯಾಯಿತು. ಹಾನಿಯ ಸಾಧ್ಯತೆ ಇದೆಯೆಂದೇ ಇಷ್ಟೊಂದು ಪರೀಕ್ಷೆಗಳು. ಪರೀಕ್ಷೆಯೇ ಇಲ್ಲದ ಪುಡಿಗಿಂತ ನನಗೆ ಇದೇ ಧೈರ್ಯ ಕೊಡುತ್ತದೆ.

ಔಷಧಾಲಯದಿಂದ:
"ವಾರಕ್ಕೆ ಒಂದು ದಿನ" ಎಂಬುದನ್ನು ದಯವಿಟ್ಟು ಎಲ್ಲರೂ ಮತ್ತೊಮ್ಮೆ ಓದಿ. ಮೆಥೋಟ್ರೆಕ್ಸೇಟನ್ನು ತಪ್ಪಿ ಪ್ರತಿದಿನ ನುಂಗಿ ಪ್ರಾಣ ಕಳೆದುಕೊಂಡವರು ಜಗತ್ತಿನ ಹಲವೆಡೆ ಇದ್ದಾರೆ. ವಾರದ ಯಾವ ದಿನ ಎಂಬುದನ್ನು ಚೀಟಿಯಲ್ಲೂ ಔಷಧದ ಪೊಟ್ಟಣದ ಮೇಲೂ ದೊಡ್ಡದಾಗಿ ಬರೆಸಿಕೊಳ್ಳಿ. ಮನೆಯಲ್ಲಿ ಹಿರಿಯರ ಮಾತ್ರೆಗಳನ್ನು ನೀವು ಎತ್ತಿಕೊಡುತ್ತಿದ್ದರೆ ಇದನ್ನು ಬೇರೆ ಡಬ್ಬಿಯಲ್ಲಿಡಿ. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಬಂದರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರಿಗೆ ತಿಳಿಸಿ. ಬೇರೆ ವೈದ್ಯರ ಬಳಿ ಹೋದಾಗಲೂ ಈ ಮಾತ್ರೆಯ ಹೆಸರನ್ನು ಹೇಳಲೇಬೇಕು. ಟ್ರೈಮೆಥೊಪ್ರಿಮ್ ಇರುವ ಆ್ಯಂಟಿಬಯಾಟಿಕ್ ಇದರೊಂದಿಗೆ ಸೇರಿದರೆ ರಕ್ತಕಣಗಳು ಅಪಾಯಕರವಾಗಿ ಕುಸಿಯಬಹುದು.

ಕಾಡುಮಲ್ಲಿಗೆ:
ಗರ್ಭ ಧರಿಸಬೇಕೆಂದಿರುವವರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ತಂಗಿಗೆ ಮದುವೆಯಾದ ಹೊಸತರಲ್ಲಿ ಸೋರಿಯಾಸಿಸ್‌ಗೆಂದು ಅಸಿಟ್ರೆಟಿನ್ ಎಂಬ ಮಾತ್ರೆಯನ್ನು ಬರೆಯಲು ಹೊರಟಿದ್ದರು. ನಾನು ಪಕ್ಕದಲ್ಲಿ ಕುಳಿತಿದ್ದರಿಂದ ಮಗುವಿನ ಆಲೋಚನೆಯಿದೆ ಎಂದು ಹೇಳಿದೆ, ಔಷಧ ಬದಲಾಯಿತು. ಅವಳಾಗಿ ಹೇಳುತ್ತಿರಲಿಲ್ಲ, ಅವರೂ ಕೇಳಿರಲಿಲ್ಲ.

ಚರ್ಮವೈದ್ಯೆ:
ಒಳ್ಳೆಯದಾಯಿತು. ಅಸಿಟ್ರೆಟಿನ್ ನಿಲ್ಲಿಸಿದ ನಂತರವೂ ಮೂರು ವರ್ಷ ಗರ್ಭ ಧರಿಸಬಾರದು. ಮೆಥೋಟ್ರೆಕ್ಸೇಟ್ ಕೂಡ ಭ್ರೂಣಕ್ಕೆ ಹಾನಿಕರ, ಎಷ್ಟು ಮೊದಲು ನಿಲ್ಲಿಸಬೇಕೆಂದು ಕೇಳಿಯೇ ಮುಂದುವರಿಯಬೇಕು. ಗಂಡಸರೂ ಈ ವಿಷಯವನ್ನು ಮೊದಲೇ ಮಾತನಾಡಬೇಕು. ಗರ್ಭಾವಸ್ಥೆಯಲ್ಲಿ ಅನೇಕರಿಗೆ ಕಾಯಿಲೆ ತಾನಾಗಿ ಕಡಿಮೆಯಾಗಿ ಹೆರಿಗೆಯ ನಂತರ ಮರಳುತ್ತದೆ. ಆ ಹಂತಕ್ಕೂ ಮೊದಲೇ ಯೋಜನೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಡುಮಲ್ಲಿಗೆ:
ಮೇಡಂ, ಅವಳ ದೊಡ್ಡ ಭಯ ಮಗುವಿಗೂ ಬರುತ್ತದೆಯೇ ಎಂಬುದು.

ಚರ್ಮವೈದ್ಯೆ:
ವಂಶವಾಹಿಗಳ ಪಾತ್ರ ಖಂಡಿತ ಇದೆ. ಎಚ್‌ಎಲ್‌ಎ-ಸಿ*06:02 ಎಂಬ ವಂಶವಾಹಿ ರೂಪ ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಆದರೆ ಅದನ್ನು ಹೊತ್ತ ಬಹುಪಾಲು ಜನರಿಗೆ ಸೋರಿಯಾಸಿಸ್ ಬರುವುದೇ ಇಲ್ಲ. ಒಂದೇ ರೂಪದ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇರುವುದುಂಟು. ತಂದೆತಾಯಿಯರಲ್ಲಿ ಒಬ್ಬರಿಗಷ್ಟೇ ಇದ್ದರೆ ಮಗುವಿಗೆ ಬರದಿರುವ ಸಾಧ್ಯತೆಯೇ ಹೆಚ್ಚು. ಇದಕ್ಕಾಗಿ ಮಗು ಬೇಡವೆಂದುಕೊಳ್ಳುವ ಅಗತ್ಯವಿಲ್ಲ ಎಂದು ತಂಗಿಗೆ ಹೇಳಿ.

ತಂಗಾಳಿ:
ಬೆಳಕಿನ ಚಿಕಿತ್ಸೆಯ ಬಗ್ಗೆ ಒಂದಿಷ್ಟು. ಮಾತ್ರೆ ಬೇಡವೆನ್ನುವವರಿಗೆ, ಗರ್ಭಿಣಿಯರಿಗೂ ಸಹ, ನ್ಯಾರೋಬ್ಯಾಂಡ್ ಯುವಿಬಿ ಒಂದು ಒಳ್ಳೆಯ ದಾರಿ. 311 ನ್ಯಾನೊಮೀಟರ್ ಸುತ್ತಮುತ್ತಲಿನ ಅತಿನೇರಳೆ ಕಿರಣವನ್ನು ಮಾತ್ರ ಬಳಸುತ್ತಾರೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಕೊಳವೆದೀಪಗಳಿರುವ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾರೆ. ಶುರುವಿನಲ್ಲಿ ನಿಂತೆನೋ ಇಲ್ಲವೋ ಎನ್ನುವಷ್ಟರಲ್ಲಿ ದೀಪ ಆರುತ್ತದೆ, ಅಷ್ಟು ಕಡಿಮೆ ಪ್ರಮಾಣ. ಚರ್ಮ ತಾಳಿಕೊಂಡಂತೆ ಏರಿಸುತ್ತಾ ಹೋಗುತ್ತಾರೆ. ವಾರಕ್ಕೆ ಎರಡು ಮೂರು ಬಾರಿಯಂತೆ ಕೆಲವು ತಿಂಗಳು ಹೋಗಬೇಕಾಗುತ್ತದೆ, ಕಷ್ಟವಿರುವುದು ಅಲ್ಲಿಯೇ. ಕೆಲಸದಿಂದ ಅಷ್ಟು ಬಾರಿ ಬಿಡುವು ಪಡೆಯುವುದು ಎಲ್ಲರಿಗೂ ಆಗುವುದಿಲ್ಲ, ನಡುವೆ ತಪ್ಪಿದರೆ ಪ್ರಮಾಣವನ್ನು ಮತ್ತೆ ಇಳಿಸಬೇಕಾಗುತ್ತದೆ.

ಚುಕ್ಕಿ:
ಹಾಗಿದ್ದರೆ ಬಿಸಿಲಿನಲ್ಲಿ ಕುಳಿತರೆ ಸಾಲದೇ?

ತಂಗಾಳಿ:
ಅಲ್ಪಸ್ವಲ್ಪ ಬಿಸಿಲು ಹಲವರಿಗೆ ಹಿತವೇ. ಆದರೆ ಅದರ ಪ್ರಮಾಣವನ್ನು ಅಳೆಯಲಾಗದು. ಚರ್ಮ ಸುಟ್ಟರೆ ಸುಟ್ಟ ಜಾಗದಲ್ಲೇ ಹೊಸ ಸೋರಿಯಾಸಿಸ್ ಏಳಬಹುದು. ಗಾಯ, ಗೀರು, ಹಚ್ಚೆ ಹಾಕಿಸಿಕೊಂಡ ಜಾಗಗಳಲ್ಲೂ ಹಾಗೆಯೇ, ಇದನ್ನು ಕೋಬ್ನರ್ ವಿದ್ಯಮಾನ ಎನ್ನುತ್ತಾರೆ. ಉಗುರಿನಿಂದ ಪೊರೆ ಕೀಳುವುದೂ ಇದೇ ಕಾರಣಕ್ಕೆ ಕೆಟ್ಟದ್ದು.

ಇಬ್ಬನಿ:
ನೆತ್ತಿಯ ಮೇಲಿನದನ್ನು ಬಾಚಣಿಗೆಯಿಂದ ಕೆರೆದು ತೆಗೆಯುವ ಅಭ್ಯಾಸ ನನಗಿದೆ. ಇಲ್ಲದಿದ್ದರೆ ಔಷಧ ಒಳಗೆ ಇಳಿಯುವುದೇ ಇಲ್ಲ ಎನ್ನಿಸುತ್ತದೆ.

ಬಿದಿರಕೊಳಲು:
ಅಕ್ಕ, ಔಷಧ ಇಳಿಯುವುದಿಲ್ಲ ಎಂಬುದು ನಿಜ, ಆದರೆ ಕೆರೆಯುವುದು ಬೇಡ. ಸ್ಯಾಲಿಸಿಲಿಕ್ ಆಮ್ಲವಿರುವ ದ್ರಾವಣ ಅಥವಾ ಮುಲಾಮನ್ನು ರಾತ್ರಿ ಹಚ್ಚಿ, ಬಟ್ಟೆ ಸುತ್ತಿಕೊಂಡು ಮಲಗಿ, ಬೆಳಿಗ್ಗೆ ತೊಳೆದರೆ ಪೊರೆ ತಾನಾಗಿ ಮೆದುವಾಗಿ ಬಿಡುತ್ತದೆ. ಆಮೇಲೆ ಕೂದಲನ್ನು ಬೈತಲೆ ತೆಗೆದಂತೆ ಸಾಲುಸಾಲಾಗಿ ಬಿಡಿಸಿ, ಸೀಸೆಯ ಮೂತಿಯನ್ನು ನೆತ್ತಿಯ ಚರ್ಮಕ್ಕೇ ತಾಗಿಸಿ ಔಷಧ ಬಿಡಬೇಕು. ಕೂದಲ ಮೇಲೆ ಸುರಿದರೆ ಅದು ಕೂದಲಿಗೇ ಹೋಗುತ್ತದೆ. ಹಿಂಭಾಗಕ್ಕೆ ಮನೆಯವರ ಸಹಾಯ ಬೇಕಾಗುತ್ತದೆ.

ಹಳೆಹೊತ್ತಗೆ:
ಸಹಾಯ ಎಂದಾಗ ನೆನಪಾಯಿತು. ಮುಟ್ಟಿದರೆ ಅಂಟುತ್ತದೆ ಎಂಬ ಭಯ ಇಂದಿಗೂ ಹೋಗಿಲ್ಲ. ಇದು ಸೋಂಕು ರೋಗವಲ್ಲ, ಟವೆಲು, ಹಾಸಿಗೆ, ಅಪ್ಪುಗೆ ಯಾವುದರಿಂದಲೂ ಹರಡುವುದಿಲ್ಲ. ಶತಮಾನಗಳ ಕಾಲ ಸೋರಿಯಾಸಿಸ್ ಇದ್ದವರನ್ನೂ ಕುಷ್ಠರೋಗಿಗಳೆಂದೇ ತಿಳಿದು ಊರಾಚೆ ಇಟ್ಟ ಇತಿಹಾಸವಿದೆ. ಇಂಗ್ಲೆಂಡಿನ ವೈದ್ಯ ರಾಬರ್ಟ್ ವಿಲನ್ 19ನೇ ಶತಮಾನದ ಆರಂಭದಲ್ಲಿ ಇದರ ಲಕ್ಷಣಗಳನ್ನು ನಿಖರವಾಗಿ ವಿವರಿಸಿದರು. ಆದರೆ ಎರಡೂ ಬೇರೆಯೆಂದು ಸ್ಪಷ್ಟವಾಗಿ ಬಿಡಿಸಿ ಹೇಳಿದ್ದು 1841ರಲ್ಲಿ ವಿಯೆನ್ನಾದ ಫರ್ಡಿನಂಡ್ ಫಾನ್ ಹೆಬ್ರಾ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಸೋರಿಯಾಸಿಸ್ ಕುರಿತು ಪ್ರತ್ಯೇಕ ನಿರ್ಣಯ ಅಂಗೀಕರಿಸಿದ್ದು 2014ರಲ್ಲಿ, ಜಾಗತಿಕ ವರದಿ ಬಂದದ್ದು 2016ರಲ್ಲಿ. ಆ ನಿರ್ಣಯದಲ್ಲಿ ಇದನ್ನು ದೀರ್ಘಕಾಲದ, ಸಾಂಕ್ರಾಮಿಕವಲ್ಲದ, ನೋವಿನಿಂದ ಕೂಡಿದ ಕಾಯಿಲೆ ಎಂದು ಗುರುತಿಸಲಾಗಿದೆ.

ಚುಕ್ಕಿ:
ಕ್ಷೌರದ ಅಂಗಡಿಯಲ್ಲಿ ನನ್ನ ಕತ್ತಿನ ಹಿಂಭಾಗವನ್ನು ನೋಡಿ ಬಾಚಣಿಗೆಯನ್ನು ಕೆಳಗಿಟ್ಟು ನಿಂತುಬಿಟ್ಟರು. ಎಲ್ಲರೆದುರು ವಿವರಿಸಬೇಕಾಯಿತು. ಅಂದಿನಿಂದ ಮನೆಯಲ್ಲೇ ಕತ್ತರಿಸಿಕೊಳ್ಳುತ್ತೇನೆ. ಈ ಸಂಕಟಕ್ಕೆ ಯಾವ ಮುಲಾಮಿದೆ?

ನೀಲಿಬಾನು:
ಚುಕ್ಕಿ, ಈ ಮಾತನ್ನು ನಿನ್ನ ವೈದ್ಯರಿಗೂ ಹೀಗೆಯೇ ಹೇಳು. ಜೀವನ ಗುಣಮಟ್ಟದ ಬಗ್ಗೆ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಡಿಎಲ್‌ಕ್ಯುಐ ಎನ್ನುತ್ತಾರೆ, 30ರವರೆಗೆ ಅಂಕಗಳಿರುತ್ತವೆ. ಬಟ್ಟೆಯ ಆಯ್ಕೆ, ಕೆಲಸ, ಸ್ನೇಹ, ದಾಂಪತ್ಯ ಎಲ್ಲದರ ಬಗ್ಗೆ ಕೇಳುತ್ತಾರೆ. ಕಲೆ ಕಡಿಮೆಯಿದ್ದರೂ ಈ ಅಂಕ ಹೆಚ್ಚಿದ್ದರೆ ಮುಂದಿನ ಹಂತದ ಚಿಕಿತ್ಸೆಗೆ ಅದೇ ಆಧಾರವಾಗುತ್ತದೆ. ಖಿನ್ನತೆ ಈ ಕಾಯಿಲೆಯೊಂದಿಗೆ ಹೆಚ್ಚಾಗಿಯೇ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಚಿಕಿತ್ಸೆ ಕೇಳುವುದರಲ್ಲಿ ಸಂಕೋಚ ಬೇಡ.

ಹಳೆಹೊತ್ತಗೆ:
ಇನ್ನೊಂದು ಅಂಶ. ವೈದ್ಯಕೀಯ ಪುಸ್ತಕಗಳಲ್ಲಿನ ಬಹುಪಾಲು ಚಿತ್ರಗಳು ಬಿಳಿಚರ್ಮದವರವು. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಅದು ಕಡುಕೆಂಪಾಗಿ ಕಾಣದೆ ನೇರಳೆ, ಬೂದು ಅಥವಾ ಕಡುಕಂದು ಬಣ್ಣದಲ್ಲಿ ಕಾಣಬಹುದು. ಅಂತರ್ಜಾಲದ ಚಿತ್ರವನ್ನು ನೋಡಿ "ನನ್ನದು ಇದಲ್ಲ" ಎಂದುಕೊಂಡು ಸುಮ್ಮನಿರುವವರಿದ್ದಾರೆ. ಗುಣವಾದ ಮೇಲೆ ಉಳಿಯುವ ಕಪ್ಪು ಅಥವಾ ಬಿಳಿಚಿದ ಗುರುತನ್ನು ಕಾಯಿಲೆಯೆಂದು ತಿಳಿದು ಸ್ಟೀರಾಯ್ಡ್ ಹಚ್ಚುತ್ತಲೇ ಇರುವವರೂ ಇದ್ದಾರೆ. ಚರ್ಮ ಮಟ್ಟಸವಾಗಿ, ಹೊಟ್ಟಿಲ್ಲದೆ ಇದ್ದರೆ ಅದು ಉಳಿದ ಬಣ್ಣವಷ್ಟೇ. ತಿಂಗಳುಗಳಲ್ಲಿ ಮಾಸುತ್ತದೆ.

ಮೂಡಣ:
ನನ್ನ ಅನುಭವವನ್ನೂ ಸೇರಿಸುತ್ತೇನೆ. ಮಾತ್ರೆಗಳೂ ಬೆಳಕೂ ಸಾಲದಾದಾಗ ನನಗೆ ಜೈವಿಕ ಔಷಧದ ಚುಚ್ಚುಮದ್ದು ಆರಂಭಿಸಿದರು. ಮೇಲೆ ಮೇಡಂ ಹೇಳಿದ ಸಂಕೇತ ಪ್ರೋಟೀನುಗಳಲ್ಲಿ ಒಂದನ್ನು ಗುರಿಯಾಗಿಟ್ಟು ತಡೆಯುವ ಔಷಧಗಳಿವು. ಇಟನರ್ಸೆಪ್ಟ್, ಅಡಲಿಮುಮ್ಯಾಬ್ ಟಿಎನ್ಎಫ್ ಅನ್ನು ತಡೆಯುತ್ತವೆ, 2015ರಲ್ಲಿ ಬಳಕೆಗೆ ಬಂದ ಸೆಕುಕಿನುಮ್ಯಾಬ್ ಇಂಟರ್‌ಲ್ಯೂಕಿನ್ 17ಎಯನ್ನು, ಅದರ ನಂತರದ ಗುಸೆಲ್ಕುಮ್ಯಾಬ್, ರಿಸಾಂಕಿಜುಮ್ಯಾಬ್ ಇಂಟರ್‌ಲ್ಯೂಕಿನ್ 23ನ್ನು ತಡೆಯುತ್ತವೆ. ಮೊದಲ ಚುಚ್ಚುಮದ್ದಿಗೂ ಮುನ್ನ ಕ್ಷಯ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಮಾಡಿದರು. ದೇಹದಲ್ಲಿ ಸುಪ್ತವಾಗಿರುವ ಕ್ಷಯ ಕೆರಳಬಹುದೆಂಬುದೇ ಕಾರಣ. ನನ್ನ ಚರ್ಮ ಈಗ ಹೆಚ್ಚುಕಡಿಮೆ ಪೂರ್ತಿ ತಿಳಿಯಾಗಿದೆ.

ಅಲೆಮಾರಿ:
ಹಾಗಾದರೆ ಎಲ್ಲರಿಗೂ ಮೊದಲೇ ಅದನ್ನೇ ಕೊಡಬಹುದಲ್ಲ?

ಮೂಡಣ:
ವೆಚ್ಚ ತುಂಬ ಹೆಚ್ಚು, ಜೈವಿಕ ಸದೃಶ ಔಷಧಗಳು, ಅಂದರೆ ಮೂಲ ಔಷಧವನ್ನು ಹೋಲುವ ಕಡಿಮೆ ಬೆಲೆಯ ರೂಪಗಳು, ಬಂದ ಮೇಲೂ ಎಲ್ಲರ ಕೈಗೆ ಎಟುಕುವುದಿಲ್ಲ. ಹಗುರವಾದ ಕಾಯಿಲೆಗೆ ಅದರ ಅಗತ್ಯವೂ ಇಲ್ಲ. ನಿಲ್ಲಿಸಿದರೆ ಬಹುತೇಕರಿಗೆ ಇದರಲ್ಲೂ ಮರಳುತ್ತದೆ, ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ.

ಚರ್ಮವೈದ್ಯೆ:
ಯಾರಿಗೆ ಯಾವುದು ಎಂಬುದು ಉಳಿದ ಕಾಯಿಲೆಗಳನ್ನೂ ಅವಲಂಬಿಸುತ್ತದೆ. ಕರುಳಿನ ಉರಿಯೂತವಿರುವ ಕ್ರೋನ್ಸ್ ರೋಗಿಗೆ ಇಂಟರ್‌ಲ್ಯೂಕಿನ್ 17 ತಡೆಯುವ ಔಷಧ ಹೊಂದುವುದಿಲ್ಲ, ತೀವ್ರ ಹೃದಯ ವೈಫಲ್ಯ ಇರುವವರಿಗೆ ಟಿಎನ್ಎಫ್ ತಡೆಯುವುದನ್ನು ಕೊಡುವುದಿಲ್ಲ. ಇದರ ಜೊತೆಗೆ ತೀವ್ರ ಸೋರಿಯಾಸಿಸ್ ಇರುವವರಲ್ಲಿ ಹೃದ್ರೋಗ, ಮಧುಮೇಹ, ಬೊಜ್ಜು ಹೆಚ್ಚಾಗಿ ಕಾಣುತ್ತವೆ. ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆಯೂ ಈ ಚಿಕಿತ್ಸೆಯ ಭಾಗವೇ.

ಕಡಲಹಕ್ಕಿ:
ಪಥ್ಯದ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಅದನ್ನೂ ಸುಳ್ಳೆನ್ನುವಿರಾ?

ಚರ್ಮವೈದ್ಯೆ:
ಇಲ್ಲ. ತೂಕ ಹೆಚ್ಚಿರುವವರು ತೂಕ ಇಳಿಸಿದರೆ ಕಾಯಿಲೆಯೂ ಕಡಿಮೆಯಾಗುತ್ತದೆ, ಔಷಧವೂ ಚೆನ್ನಾಗಿ ಕೆಲಸ ಮಾಡುತ್ತದೆ. ಇದಕ್ಕೆ ಒಳ್ಳೆಯ ಆಧಾರವಿದೆ. ಧೂಮಪಾನ, ಮದ್ಯಪಾನ ಬಿಡುವುದೂ ಅಷ್ಟೇ ಮುಖ್ಯ. ಯಾವುದೋ ಒಂದು ಪದಾರ್ಥವನ್ನು ಬಿಟ್ಟರೆ ಎಲ್ಲರಿಗೂ ಗುಣವಾಗುತ್ತದೆ ಎಂಬುದಕ್ಕೆ ಮಾತ್ರ ಪುರಾವೆಯಿಲ್ಲ. ಒಂದೊಂದನ್ನೇ ಬಿಡುತ್ತಾ ಹೋಗಿ ನಿಶ್ಶಕ್ತರಾದವರನ್ನು ನೋಡಿ ನನಗೆ ನೋವಾಗಿದೆ. ಲಿಥಿಯಂ, ಮಲೇರಿಯಾ ನಿರೋಧಕ ಮಾತ್ರೆಗಳು, ಬೀಟಾ ಬ್ಲಾಕರ್ ವರ್ಗದ ಔಷಧಗಳು ಕೆಲವರಲ್ಲಿ ಸೋರಿಯಾಸಿಸನ್ನು ಕೆರಳಿಸಬಹುದು. ಹಾಗೆಂದು ಅವನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರೊಡನೆ ಮಾತನಾಡಿ.

ಕಡಲಹಕ್ಕಿ:
ಸರಿ, ಇದನ್ನು ಒಪ್ಪುತ್ತೇನೆ. ಆ ಪುಡಿಯ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಪರಿಚಿತರನ್ನು ಕೇಳುತ್ತೇನೆ.

ಔಷಧಾಲಯದಿಂದ:
ಒಂದು ಸುರಕ್ಷತೆಯ ಮಾತು ಬಿಟ್ಟುಹೋಗಿತ್ತು. ಪ್ಯಾರಾಫಿನ್ ಇರುವ ಮುಲಾಮು ಬಟ್ಟೆ, ಹಾಸಿಗೆಗಳಿಗೆ ಹೀರಿಕೊಂಡು ಒಣಗಿದ ಮೇಲೆ ಬೆಂಕಿ ತಾಗಿದರೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಹಚ್ಚಿಕೊಂಡ ಬಟ್ಟೆಯಲ್ಲಿ ಒಲೆಯ ಬಳಿ ನಿಲ್ಲಬೇಡಿ, ಹತ್ತಿರದಲ್ಲಿ ಯಾರೂ ಧೂಮಪಾನ ಮಾಡದಿರಲಿ.

ಅಲೆಮಾರಿ:
ಸಂಧಿವಾತ ತಜ್ಞರನ್ನು ನೋಡಲು ದಿನ ನಿಗದಿಯಾಗಿದೆ. ನೀಲಿಬಾನು ಅವರೇ, ಹೋಗುವಾಗ ಏನೇನು ಒಯ್ಯಬೇಕು?

ನೀಲಿಬಾನು:
ಬೆರಳು ಊದಿದ ದಿನವೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ವೈದ್ಯರನ್ನು ಕಾಣುವ ದಿನ ಊತ ಇಳಿದಿರಬಹುದು. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆಂದು ಬರೆದಿಡಿ. ಉಗುರಿಗೆ ಬಣ್ಣ ಹಚ್ಚಿದ್ದರೆ ತೆಗೆದು ಹೋಗಿ. ಈವರೆಗೆ ಬಳಸಿದ ಎಲ್ಲ ಔಷಧಗಳ ಹೆಸರು, ಎಷ್ಟು ಕಾಲ ಬಳಸಿದಿರಿ, ಏಕೆ ಬಿಟ್ಟಿರಿ ಎಂಬುದು ಒಂದೇ ಹಾಳೆಯಲ್ಲಿರಲಿ. ಹೆಸರು ಗೊತ್ತಿಲ್ಲದ ಪುಡಿ, ಎಣ್ಣೆಗಳನ್ನೂ ಬಿಡದೆ ಬರೆಯಿರಿ. ಕಣ್ಣು ಕೆಂಪಾಗಿ ಬೆಳಕು ನೋಡಲಾಗದಂಥ ನೋವು ಎಂದಾದರೂ ಬಂದಿದ್ದರೆ ಅದನ್ನೂ ಹೇಳಿ, ಕಣ್ಣಿನೊಳಗಿನ ಉರಿಯೂತ ಈ ಕಾಯಿಲೆಯ ಜೊತೆಗೆ ಬರುವುದುಂಟು.

ಮೂಡಣ:
ಮೇಡಂ, ಕೊನೆಯದಾಗಿ ನನ್ನದೊಂದು ಪ್ರಶ್ನೆ. ಚುಚ್ಚುಮದ್ದಿನಲ್ಲಿರುವಾಗ ಲಸಿಕೆಗಳನ್ನು ಹಾಕಿಸಿಕೊಳ್ಳಬಹುದೇ?

ಚರ್ಮವೈದ್ಯೆ:
ಫ್ಲೂ, ನ್ಯುಮೋಕಾಕಸ್ ಲಸಿಕೆಗಳಂಥ ನಿಷ್ಕ್ರಿಯ ಲಸಿಕೆಗಳನ್ನು ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳುವುದೇ ಒಳ್ಳೆಯದು. ದಡಾರ, ಹಳದಿ ಜ್ವರದಂಥ ಜೀವಂತ ಲಸಿಕೆಗಳು ಈ ಅವಧಿಯಲ್ಲಿ ಬೇಡ. ಅವು ಬೇಕೆಂದಿದ್ದರೆ ಚಿಕಿತ್ಸೆ ಆರಂಭಿಸುವ ಮೊದಲೇ ಮುಗಿಸಿಕೊಳ್ಳಬೇಕು. ನೀವು ಈಗಾಗಲೇ ಆರಂಭಿಸಿರುವುದರಿಂದ, ಯಾವ ಲಸಿಕೆಗೆ ಹೋದರೂ ಚುಚ್ಚುಮದ್ದಿನ ಹೆಸರಿರುವ ಚೀಟಿಯನ್ನು ತೋರಿಸಿಯೇ ಹಾಕಿಸಿಕೊಳ್ಳಿ.